ಅತ್ತೆಯ ಡೇಲಿಯಾ, ಬಿಲ್ಡಪ್ಪನ ಮೂಗು

ಬಿಲ್ಡಪ್ಪ ಅನ್ನೋದು ಮಾವ ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಬಾಗಿಲು ತೆಗೆಯುವುದಕ್ಕೆ ಒಂದು ಎಂಟ್ರಿ, ಚಪ್ಪಲಿ ಬಿಡುವುದಕ್ಕೆ ಒಂದು ಸ್ಲೋ ಮೋಷನ್. ಉಪ್ಪಿನ ಡಬ್ಬಿ ಕೊಡೋ ಎಂದರೆ, "ಕೊಡ್ತೀನಿ ಮಾವ. ಆದ್ರೆ ಈ ಕೈ ಒಂದ್ಸಲ ಕೊಟ್ಟಿದ್ದನ್ನ ವಾಪಸ್ ಕೇಳಲ್ಲ" ಎಂದು ಹುಬ್ಬು ಎತ್ತುತ್ತಿದ್ದ.

"ಸಿನಿಮಾ ಮುಗೀತು ಬಿಲ್ಡಪ್ಪ, ಉಪ್ಪು ಕೊಡು" ಎನ್ನುತ್ತಿದ್ದರು ಮಾವ.

ಅವನು ಸೋದರತ್ತೆಯ ಮನೆಯಲ್ಲೇ ಮೀಸೆ ಬರಿಸಿಕೊಂಡವನು. ಮಾವ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅತ್ತೆಗೆ ಮನೆ ಹಿಂದೆ ಒಂದು ನರ್ಸರಿ. ರಸ್ತೆ ಕಡೆ ಮಾರುವ ಗಿಡಗಳು, ಶೇಡ್ ನೆಟ್ಟಿನ ಆಚೆ ಮಾರದ ಡೇಲಿಯಾಗಳು. ಅಲ್ಲಿಗೆ ಗಿರಾಕಿಗಳಿಗೆ ಪ್ರವೇಶವಿಲ್ಲ. ಮಾವನಿಗೆ ಪ್ರವೇಶವಿತ್ತು, ಆಸೆ ಇರಲಿಲ್ಲ.

ಡೇಲಿಯಾ ನೋಡದವರು ಯಾರು? ತಟ್ಟೆಯಗಲ ಅರಳುತ್ತದೆ, ಬಣ್ಣಕ್ಕೆ ಬರವಿಲ್ಲ, ಹತ್ತಿರ ಹೋಗಿ ಮೂಸಿದರೆ ಮಾತ್ರ ಬರೀ ಹಸಿ ಸೊಪ್ಪು. ಸಿಂಗರಿಸಿಕೊಂಡು ಬಂದು ಒಂದು ಮಾತೂ ಆಡದೆ ಎದ್ದುಹೋಗುವ ನೆಂಟರ ಹಾಗೆ. ಅತ್ತೆಗೆ ಆ ನೆಂಟರ ಬಾಯಿ ಬಿಡಿಸಬೇಕಿತ್ತು. ಘಮ್ಮೆನ್ನುವ ಡೇಲಿಯಾ ಒಂದನ್ನು ತನ್ನ ಕೈಯಲ್ಲೇ ಹುಟ್ಟಿಸಬೇಕಿತ್ತು. ಬದುಕಿನಲ್ಲಿ ಬೇರೆ ಏನನ್ನೂ ಅವಳು ಹಟ ಹಿಡಿದು ಕೇಳಿದವಳಲ್ಲ.

ಒಂದು ಹೂವಿನ ಪುಡಿಯನ್ನು ಕುಂಚದಲ್ಲಿ ತೆಗೆದು ಇನ್ನೊಂದಕ್ಕೆ ಸವರುವಳು. ಜೇನ್ನೊಣ ಮಧ್ಯೆ ಬಂದು ಸಂಬಂಧ ಕೆಡಿಸದ ಹಾಗೆ ಕಾಗದದ ಚೀಲ ಕಟ್ಟುವಳು. ಬೀಜ ಬಲಿತ ಮೇಲೆ ಬಿತ್ತುವಳು. ಡೇಲಿಯಾ ಬೀಜದ್ದು ಒಂದು ತಮಾಷೆ: ಒಂದೇ ತಾಯಿಯ ಮಕ್ಕಳಲ್ಲಿ ಒಂದರ ಮುಖ ಇನ್ನೊಂದಕ್ಕಿಲ್ಲ. ಅರಳಿದ ಪ್ರತಿಯೊಂದನ್ನೂ ಮೂಸಿ, ಚೂರು ಪರಿಮಳದ ಸುಳಿವು ಸಿಕ್ಕರೆ ಕೆಂಪು ರಿಬ್ಬನ್ ಕಟ್ಟುವಳು. ಮಿಕ್ಕವು ಗೆಡ್ಡೆ ಸಮೇತ ಗೊಬ್ಬರದ ಗುಂಡಿಗೆ. ಮುಂದಿನ ಹಂಗಾಮಿಗೆ ರಿಬ್ಬನ್ನಿನವುಗಳ ನಡುವೆಯೇ ಮತ್ತೆ ಸಂಬಂಧ.

"ನಿಮ್ಮತ್ತೆ ಮದುವೆ ದಲ್ಲಾಳಿ ಆಗಿದ್ರೆ ಊರಲ್ಲಿ ಒಬ್ಬ ಬ್ರಹ್ಮಚಾರೀನೂ ಉಳೀತಿರಲಿಲ್ಲ" ಎನ್ನುತ್ತಿದ್ದರು ಮಾವ.

ಹೀಗೆ ನಡೆದಿರುವಾಗ ಅತ್ತೆಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಹೋಗುವಾಗ ಮೂಗನ್ನು ಕಟ್ಟಿಕೊಂಡು ಹೋಯಿತು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಅಡುಗೆಮನೆ ತುಂಬ ಕಮರು ವಾಸನೆ ಹಬ್ಬಿದ್ದರೂ ಅತ್ತೆ ಪಕ್ಕದಲ್ಲೇ ಕೂತು ಬೀಜ ಆರಿಸುತ್ತಿದ್ದಳು. ಅದನ್ನು ಕಂಡವನು ಬಿಲ್ಡಪ್ಪ ಒಬ್ಬನೇ.

"ಯಾರಿಗೂ ಹೇಳ್ಬೇಡ ಕಣೋ" ಎಂದಳು ಅತ್ತೆ. "ನಿಮ್ಮ ಮಾವಂಗೂ ಬೇಡ. ಮೂಗಿಲ್ಲದವಳು ಪರಿಮಳ ಹುಡುಕ್ತಾಳೆ ಅಂತ ನಗ್ತಾರೆ."

"ಅತ್ತೆ, ಇವತ್ತಿಂದ ಈ ಮೂಗು ನಿಂದು" ಎಂದು ಅವನು ಎದೆ ತಟ್ಟಿಕೊಂಡ. ಎದೆ ಯಾಕೆ ತಟ್ಟಿದನೋ, ಮೂಗು ಇದ್ದದ್ದು ಮೇಲೆ.

ಅಂದಿನಿಂದ ಬೆಳಿಗ್ಗೆ ಬಿಸಿಲೇರಿದ ಮೇಲೆ ಇಬ್ಬರೂ ಸಾಲುಗಳಲ್ಲಿ ನಡೆಯುತ್ತಿದ್ದರು. ಅವನು ಬಗ್ಗಿ ಮೂಸುವುದು, ಅವಳು ಅವನ ಮುಖ ನೋಡುವುದು. ಮೊದಮೊದಲು ಅವನು ನಿಯತ್ತಾಗಿಯೇ ಮೂಸಿದ. ಸೊಪ್ಪು. ಇನ್ನೊಂದು, ಅದೂ ಸೊಪ್ಪು. ಪ್ರತಿ ಸಲ "ಇಲ್ಲ ಅತ್ತೆ" ಎನ್ನುವಾಗ ಅವಳ ಮುಖ ನೋಡುವುದು ಅವನಿಗೆ ಹಿಂಸೆಯಾಗತೊಡಗಿತು. ಅದು ಅರ್ಧ ಸತ್ಯ. ಇನ್ನರ್ಧ, ಅವನಿಗೆ ಬೇಜಾರು ಹಿಡಿದಿತ್ತು. ಒಂದು ಬೆಳಿಗ್ಗೆ, ಬಾಗಿಲ ಹತ್ತಿರವೇ ಇದ್ದ ಒಂದು ಗಿಡದ ಮುಂದೆ, ತಿಳಿ ಕಿತ್ತಳೆ ಬಣ್ಣದ ಹೂವೊಂದನ್ನು ಮೂಸಿದವನು ಕಣ್ಣು ಮುಚ್ಚಿ ಹಾಗೇ ನಿಂತ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಒಂದು ಇರಲಿಲ್ಲ ಅಷ್ಟೆ.

"ಏನೋ? ಏನಿದೆ?"

"ಜೇನು, ಅತ್ತೆ."

ಅತ್ತೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂತು. ರಿಬ್ಬನ್ ಕಟ್ಟಲು ಹೋದರೆ ಗಂಟು ಬೀಳಲೇ ಇಲ್ಲ. ಬಿಲ್ಡಪ್ಪನೇ ಕಟ್ಟಿಕೊಟ್ಟ. ತಮಾಷೆ ಅತ್ತೆ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವಳು ಅವನ ತಲೆ ಸವರಿ, "ನೀನಿಲ್ದಿದ್ರೆ ನನ್ನ ಕತೆ ಮುಗೀತಿತ್ತು" ಎಂದುಬಿಟ್ಟಳು. ತೆರೆದ ಬಾಯಿ ಮುಚ್ಚಿಕೊಂಡಿತು.

ಒಂದು ಸುಳ್ಳಿಗೆ ಒಂಟಿಯಾಗಿರಲು ಬೇಜಾರು. ಮುಂದಿನ ಹಂಗಾಮಿನಲ್ಲಿ ಆ ಗಿಡದ ಮಕ್ಕಳು ಅರಳಿದಾಗ ಅವನು ಕಿತ್ತಳೆ ಸಿಪ್ಪೆ ಎಂದ, ಹೊಸ ಪುಸ್ತಕ ಎಂದ, ಮಗುವಿನ ನೆತ್ತಿ ಎಂದ. ನೆಗಡಿಯಾಗಿ ಮೂಗು ಕಟ್ಟಿದ್ದ ದಿನವೂ ಎರಡು ಗಿಡಕ್ಕೆ ಸರ್ಟಿಫಿಕೇಟ್ ಕೊಟ್ಟ. ಅವನು ಇದೆ ಎಂದದ್ದು ಉಳಿಯಿತು. ಇಲ್ಲ ಎಂದದ್ದನ್ನು ಅತ್ತೆ ಕಿತ್ತಳು, ಕೊನೇ ಸಾಲನ್ನಂತೂ ಪೂರ್ತಿ. ಕೊನೆಗೆ ಉಳಿದವುಗಳಲ್ಲಿ ಒಂದನ್ನು, ಅಂಚಿನಲ್ಲಿ ನಸುಗೆಂಪು ಇಳಿದ ತಿಳಿ ಹಳದಿಯದನ್ನು, ಅವಳು ದೊಡ್ಡ ಕುಂಡಕ್ಕೆ ಎತ್ತಿ, ಹೂಗಾರರ ಸಂಘಕ್ಕೆ ಹೇಳಿಕಳಿಸಿದಳು: ನನ್ನ ಹತ್ತಿರ ಪರಿಮಳದ ಡೇಲಿಯಾ ಇದೆ, ಬಂದು ನೋಡಿ.

ಬಂದರು. ಸಂಘದ ತೀರ್ಪುಗಾರರು ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಬಂದವರೇ ಬರೀ ನೀರಲ್ಲಿ ಕೈ ತೊಳೆದರು, ವಾಸನೆ ಅಡ್ಡ ಬರುತ್ತದೆಂದು ಸೋಪು ಬೇಡವೆಂದರು. ಅದನ್ನು ಕಂಡಾಗಲೇ ಬಿಲ್ಡಪ್ಪನಿಗೆ ಗೊತ್ತಾಯಿತು. ಇವನು ನಿಜವಾಗಿಯೂ ಮೂಸುವ ಗಿರಾಕಿ.

ಅವರು ಬಗ್ಗಿ ಮೂಸಿದರು. ಕನ್ನಡಕ ತೆಗೆದು ಮತ್ತೆ ಮೂಸಿದರು. ಹೂವಿನ ಸುತ್ತ ಅಂಗೈ ಬೊಗಸೆ ಮಾಡಿ, ಮೆಲ್ಲಗೆ ಉಸಿರು ಬಿಟ್ಟು ಬೆಚ್ಚಗೆ ಮಾಡಿ, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ, ಮತ್ತೊಮ್ಮೆ ಮೂಸಿದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು.

"ಬಣ್ಣ ಚೆನ್ನಾಗಿದೆ ಅಮ್ಮ" ಎಂದರು ತೀರ್ಪುಗಾರರು.

ಹೆಣ್ಣು ನೋಡಲು ಬಂದವರು ನಿಮ್ಮನೆ ಕಿಟಕಿ ಚೆನ್ನಾಗಿದೆ ಅಂದ ಹಾಗಿತ್ತು.

"ಪರಿಮಳ?"

"ನನಗೆ ಸಿಗಲಿಲ್ಲ. ಪರಿಮಳ ಪರೀಕ್ಷೆ ಮಾಡಿದ್ದು ಯಾರು?"

ಬಿಲ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅತ್ತೆ ಅವನ ಕಡೆ ತಿರುಗಿಯೂ ನೋಡಲಿಲ್ಲ. "ನಾನೇ" ಎಂದಳು.

ತೀರ್ಪುಗಾರರು ಕನ್ನಡಕ ಏರಿಸಿಕೊಂಡರು. ದನಿಯಲ್ಲಿ ಕರುಣೆ ಇತ್ತು, ಬೈದಿದ್ದರೇ ವಾಸಿಯಿತ್ತು. "ವಯಸ್ಸಾಗ್ತಾ ಮೊದಲು ಕೈಕೊಡೋದು ಮೂಗೇ ಅಮ್ಮ. ಆಸೆ ಇರೋ ಕಡೆ ವಾಸನೇನೂ ಇದೆ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ."

ಹತ್ತು ಜನ ರೌಡಿಗಳ ಎದುರು ನಿಂತು ಹೇಳುವ ಡೈಲಾಗುಗಳು ಬಿಲ್ಡಪ್ಪನಿಗೆ ಬಾಯಿಪಾಠವಿದ್ದವು. "ಮೂಸಿದ್ದು ನಾನು" ಎಂಬ ಎರಡು ಪದ ಮಾತ್ರ ಹೊರಡಲಿಲ್ಲ. ಗೇಟು ತೆಗೆದು, ತಲೆ ಬಗ್ಗಿಸಿ, ಅವರನ್ನು ಕಳಿಸಿಕೊಟ್ಟ.

ವಾಪಸ್ ಬಂದರೆ ಅತ್ತೆ ಕುಂಡವನ್ನು ಬೆಳಕಿದ್ದ ಕಡೆಗೆ ಸರಿಸುತ್ತಿದ್ದಳು.

"ಅವರ ಮಾತು ಬಿಡು. ಇವತ್ತು ಮೋಡ. ಬಿಸಿಲಿಲ್ದೆ ಇದು ಬಾಯಿ ಬಿಡಲ್ಲ. ಅವರ ಮೂಗಿಗಿಂತ ನಿನ್ನ ಮೂಗಿನ ಮೇಲೆ ನಂಗೆ ನಂಬಿಕೆ. ಬಾ, ಮೂಸು."

ಅವನು ಬಗ್ಗಿದ. ಇದೆ ಅತ್ತೆ, ಇವತ್ತು ಮುನಿಸ್ಕೊಂಡಿದೆ ಅಷ್ಟೆ ಎಂಬ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅಂದಿದ್ದರೆ ಅವಳು ನಂಬುತ್ತಿದ್ದಳು. ಅವನಿಗೆ ತಡೆಯಲಾಗದೇ ಹೋದದ್ದು ಅದೇ.

"ಏನೂ ಇಲ್ಲ ಅತ್ತೆ."

"ಇವತ್ತು ಇಲ್ವಾ?"

"ಯಾವತ್ತೂ ಇರ್ಲಿಲ್ಲ."

ಅತ್ತೆ ನಕ್ಕಳು. "ಸಾಕು ಕಣೋ. ತಮಾಷೆಗೂ ಒಂದು ಹೊತ್ತು ಗೊತ್ತು ಬೇಡ್ವಾ?"

"ತಮಾಷೆ ಅಲ್ಲ ಅತ್ತೆ."

ಅವಳ ನಗು ತಕ್ಷಣ ಹೋಗಲಿಲ್ಲ. ಇನ್ನೂ ನಗುತ್ತಲೇ, ಹುಬ್ಬು ಗಂಟಿಕ್ಕಿ, ಅವನ ಮುಖದಲ್ಲಿ ಹುಡುಕಿದಳು. ಮೊದಲ ಸಲ ಆ ಮುಖದಲ್ಲಿ ಯಾವ ನಟನೆಯೂ ಇರಲಿಲ್ಲ.

"ಜೇನು ಅಂದ್ಯಲ್ಲೋ?"

"ಅಂದೆ."

"ಕಿತ್ತಳೆ ಸಿಪ್ಪೆ? ಮಗು ನೆತ್ತಿ?"

"ಬಾಯಿಗೆ ಬಂತು, ಅಂದೆ."

ನೀರಿನ ಪೈಪು ಒಂದು ಕಡೆ ಸೋರುತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ ಕೇಳಿದಳು: "ಮತ್ತೆ ಆ ಕೊನೇ ಸಾಲು? ಅದ್ರಲ್ಲಿ ಒಂದಕ್ಕೂ ವಾಸನೆ ಇಲ್ಲ ಅಂದ್ಯಲ್ಲ, ಅದಾದ್ರೂ ನಿಜಾನಾ?"

ಇದೊಂದನ್ನು ಕೇಳದಿದ್ದರೆ ಸಾಕಿತ್ತು.

"ಅಲ್ಲಿಗೆ ನಾನು ಹೋಗ್ಲೇ ಇಲ್ಲ ಅತ್ತೆ. ಕೆಸರಿತ್ತು. ಹೊಸ ಶೂ ಹಾಕಿದ್ದೆ."

ಅತ್ತೆ ತನ್ನ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡಳು. "ಪೂರ್ತಿ ಸಾಲು ಕಿತ್ತೆನಲ್ಲೋ. ಅದ್ರಲ್ಲಿ ಇತ್ತೋ ಏನೋ. ಈ ಕೈಯಲ್ಲೇ ಕಿತ್ತೆ." ಆಮೇಲೆ, ದನಿ ಏರಿಸದೆ: "ಹೋಗು. ಸ್ವಲ್ಪ ಹೊತ್ತು ನನ್ನ ಕಣ್ಣೆದುರಿಗೆ ಇರಬೇಡ."

ಅವನು ಓಡಿದ. ಸಿನಿಮಾದಲ್ಲಿ ಹೀಗೆ ಓಡುವವನ ಹಿಂದೆ ಹಾಡು ಇರುತ್ತದೆ, ಇವನ ಹಿಂದೆ ಒಂದು ನಾಯಿ ಇತ್ತು. ತೀರ್ಪುಗಾರರು ಬಸ್ ಸ್ಟಾಪಿನ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತಿದ್ದರು.

"ಸಾರ್, ನಮ್ಮತ್ತೆ ಮೂಗಿಗೆ ಏನೂ ಆಗಿಲ್ಲ. ಮೂಸಿದ್ದು..."

ಅಲ್ಲಿಗೆ ತಡೆದ. ಮೂಸಿದ್ದು ನಾನು ಎಂದರೆ, ನಿಮ್ಮತ್ತೆ ಯಾಕೆ ಮೂಸಲಿಲ್ಲ ಎಂದು ಕೇಳುತ್ತಾರೆ. ಅತ್ತೆ ಬಚ್ಚಿಟ್ಟುಕೊಂಡದ್ದನ್ನು ಬಸ್ ಸ್ಟಾಪಿನಲ್ಲಿ ಬಿಚ್ಚಿ ಹಾಕಿದಂತಾಗುತ್ತದೆ. ನಿಜ ಹೇಳಿ ಹಗುರಾಗೋಣವೆಂದು ಬಂದವನಿಗೆ ಆ ಸೌಭಾಗ್ಯವೂ ಇಲ್ಲ.

"ಗಿಡ ಬೇರೆ ಸಾರ್. ಅವರು ಆರಿಸಿದ್ದು ಬೇರೆ. ನಾನು ತಮಾಷೆಗೆ ಬದಲಾಯಿಸಿಬಿಟ್ಟೆ."

ತೀರ್ಪುಗಾರರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹಾಗಾದ್ರೆ ಸರಿಯಾದ ಗಿಡ ತೋರ್ಸು. ಮುಂದಿನ ಬಸ್ಸಿಗೆ ಹೋಗ್ತೀನಿ."

"ಇಲ್ಲ ಸಾರ್. ಗೊಬ್ಬರದ ಗುಂಡಿಗೆ ಹೋಯ್ತು."

"ಕಿತ್ತಿದ್ದು ಯಾರು?"

"ನಾನೇ." ಸುಳ್ಳು ಹೇಳಹೊರಟವನ ಬಾಯಿಂದ ನಿಜ ಬಿದ್ದಿತ್ತು. ಕೈ ಅತ್ತೆಯದು, ಕೀಳಿಸಿದವನು ಅವನೇ.

"ಅದಕ್ಕೆ ಪರಿಮಳ ಇತ್ತೇನಯ್ಯ?"

"ಗೊತ್ತಿಲ್ಲ ಸಾರ್."

ಅವರು ಕರವಸ್ತ್ರ ಮಡಿಸಿ ಜೇಬಿಗೆ ಹಾಕಿಕೊಂಡರು. "ನಿಮ್ಮತ್ತೆಗೆ ಹೇಳು, ಅವರ ಮೂಗಿನ ಬಗ್ಗೆ ನಾನಂದಿದ್ದು ತಪ್ಪಾಯ್ತು ಅಂತ. ನಿನ್ನ ಬಗ್ಗೆ ಏನನ್ನಬೇಕೋ ನನಗೆ ತೋಚ್ತಿಲ್ಲ." ಬಸ್ಸು ಬಂತು, ಹತ್ತಿ ಹೋದರು.

ಅವನು ಎಲ್ಲವನ್ನೂ ಅತ್ತೆಗೆ ಒಪ್ಪಿಸಿದ. ಅವಳು ಕುಂಡಗಳಿಗೆ ಮಣ್ಣು ತುಂಬುತ್ತಲೇ ಕೇಳಿಸಿಕೊಂಡಳು.

"ಅಂದ್ರೆ ಇನ್ನೊಂದು ಸುಳ್ಳು ಹೇಳಿ ಬಂದೆ."

"ಹೂಂ."

"ನನ್ನ ಮಾನ ಉಳಿಸಿದ ಹೀರೋ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ಬೇಡ ಮತ್ತೆ."

"ಇಲ್ಲ ಅತ್ತೆ."

ಅಂದು ಊಟಕ್ಕೆ ಕೂತಾಗ ಅತ್ತೆ ಮಾವನಿಗೆ ತನ್ನ ಮೂಗಿನ ವಿಷಯ ತಾನೇ ಹೇಳಿದಳು. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. ಆಮೇಲೆ, "ಅದಕ್ಕೇನಾ ನನ್ನ ಗ್ಯಾರೇಜ್ ಅಂಗಿ ನಾರುತ್ತೆ ಅಂತ ಬೈಯೋದು ನಿಲ್ಲಿಸಿದ್ದು? ನಾನೆಲ್ಲೋ ಪ್ರೀತಿ ಜಾಸ್ತಿಯಾಯ್ತು ಅಂದ್ಕೊಂಡಿದ್ನಲ್ಲೇ" ಎಂದರು.

"ಇನ್ಮೇಲೆ ಹೂ ಮೂಸೋದು ನೀವು."

"ನಾನಾ? ನಂಗೆ ಹೂವಂದ್ರೇ ತಲೆನೋವು."

"ಅದಕ್ಕೇ" ಎಂದಳು ಅತ್ತೆ. ಬಿಲ್ಡಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಜ್ವರಕ್ಕಿಂತ ಮುಂಚೆ ತಾನೇ ಮೂಸಿ ಉಳಿಸಿದ್ದ ಹಳೇ ಗೆಡ್ಡೆಗಳಿಂದ ಅತ್ತೆ ಮತ್ತೆ ಶುರು ಮಾಡಿದಳು. ಅವನ ಮೂಗು ನಂಬಿ ಬೆಳೆಸಿದ್ದನ್ನೆಲ್ಲ ರಸ್ತೆ ಕಡೆಯ ಸಾಲಿಗೆ, ಬರೀ ಅಂದದ ಡೇಲಿಯಾ ಎಂದು ಮಾರಲು ಇಟ್ಟಳು. ಹೊಸ ಸಸಿಗಳು ಅರಳಿದ ಬೆಳಿಗ್ಗೆ ಮಾವ ಗ್ಯಾರೇಜಿಗೆ ಹೊರಡುವ ಮುಂಚೆ ಸಾಲಿಗಿಳಿದರು. ಹಿಂದೆ ಅತ್ತೆ. ಅವಳ ಹಿಂದೆ, ಕಿತ್ತದ್ದನ್ನು ಹೊರುವ ಬುಟ್ಟಿ ಹಿಡಿದು ಬಿಲ್ಡಪ್ಪ.

ಮಾವ ಬಗ್ಗಿದರು, ಎಂಜಿನ್ನಿನ ಬಾನೆಟ್ ಒಳಗೆ ಇಣುಕುವವರ ಹಾಗೆ. "ಸೊಪ್ಪು."

ಅತ್ತೆ ಕಿತ್ತಳು.

"ಇದೂ ಸೊಪ್ಪು. ಇದು... ತಾಳು. ಇಲ್ಲ, ಸೊಪ್ಪೇ. ಇದಂತೂ ಶುದ್ಧ ಸೊಪ್ಪು, ಸಾರಿಗೆ ಹಾಕ್ಬಹುದು."

"ನಿಮ್ಮ ತಲೆಗೆ ಹಾಕ್ತೀನಿ. ಮುಂದೆ ನಡೀರಿ" ಎಂದಳು ಅತ್ತೆ.

ಬಿಲ್ಡಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಯಾವ ಮುಖ ಬಾಡದಿರಲೆಂದು ಅಷ್ಟೆಲ್ಲ ಜೇನು ಸುರಿದಿದ್ದನೋ, ಆ ಮುಖ ಬಾಡಲೇ ಇಲ್ಲ. ಪ್ರತಿ ಸೊಪ್ಪಿಗೂ ಅವಳು ಒಮ್ಮೆ ತಲೆಯಾಡಿಸಿ, ಗೆಡ್ಡೆಯ ಮಣ್ಣು ಕೊಡವಿ, ಮುಂದಿನ ಗಿಡದ ಕಡೆ ಮೊದಲಿನಷ್ಟೇ ಆಸೆಯಿಂದ ತಿರುಗುತ್ತಿದ್ದಳು. ಇಲ್ಲ ಅನ್ನುವುದನ್ನು ಕೇಳುವುದಕ್ಕೆ ಅವಳು ಯಾವಾಗಲೂ ತಯಾರಿದ್ದಳು. ಅವನೊಬ್ಬನೇ ತಯಾರಿರಲಿಲ್ಲ.

"ಏನೋ ಬಿಲ್ಡಪ್ಪ, ಬಾಯಿಗೆ ಬೀಗ ಹಾಕಿದ್ಯಾ? ಒಂದು ಡೈಲಾಗ್ ಇಲ್ವಾ?" ಎಂದರು ಮಾವ, ಮೂಗು ಉಜ್ಜಿಕೊಳ್ಳುತ್ತಾ.

ಅವನು ಬುಟ್ಟಿಯನ್ನು ಅತ್ತೆಯ ಕೈಗೆ ಎಟುಕುವ ಹಾಗೆ ಮುಂದೆ ಹಿಡಿದ. ಅತ್ತೆ ಅವನ ಕಡೆ ನೋಡದೆ ಗಿಡವನ್ನು ಅದರಲ್ಲಿ ಹಾಕಿದಳು.