ಆಟಿ ಕಳೆದ ಮೇಲೆ ಇಳಿಸಿದ ಚೆನ್ನೆಮಣೆ

ಹುಡುಗಿಯ ಓದು ನಿಲ್ಲಿಸಲು ನಮ್ಮೂರಿನಲ್ಲಿ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮನೆಯೊಳಗೇ ಸಿಗುತ್ತದೆ. ಕಾಣಿಯೂರಿನ ದೇವಕಿಯ ಮನೆಯಲ್ಲಿ ಅದು ಅಟ್ಟದ ಮೇಲಿತ್ತು.

೧೯೮೭ರ ನವರಾತ್ರಿಯ ಸಮಯ. ಮಗಳು ದಮಯಂತಿ ದಿನಾ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಳು. ಆ ಭಾನುವಾರ ಅವಳು ಅಟ್ಟದಿಂದ ಆಟದ ಚೆನ್ನೆಮಣೆ ಇಳಿಸಿ, ಅದರ ಗುಳಿಗಳಿಗೆ ಕೆಂಪು ಬೀಜದ ಮಂಜೊಟ್ಟಿ ಕಾಯಿ ಹಾಕುತ್ತಾ ಕೂತಿದ್ದಳು. ಅಪ್ಪ ಸಂಕಪ್ಪ ಕಂಡ. ಚೆನ್ನೆ ಆಡುವುದು ಜಡಿಮಳೆಯ ಆಟಿ ತಿಂಗಳಲ್ಲಿ ಮಾತ್ರ. ಆಮೇಲೆ ಮಣೆ ಮುಟ್ಟಿದರೆ ಮನೆಗೆ ಕೇಡು ಎಂದು ನಮ್ಮ ಕಡೆಯ ನಂಬಿಕೆ.

"ಇದಾ ನಿನ್ನ ಕಂಪ್ಯೂಟರ್ ಓದು? ಆಟಿ ಹೋಗಿ ಎಷ್ಟು ಕಾಲ ಆಯ್ತು!"

"ಆಡುದಲ್ಲ ಅಪ್ಪ, ಪಾಠವೇ..."

"ಸಾಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಕಲಿಯುದುಂಟಾ? ನೀರಿಗಿಳಿಯದೆ ಈಜು ಬರುದುಂಟಾ? ನಾಳೆಯಿಂದ ಪುತ್ತೂರು ಬೇಡ."

ದೇವಕಿ ಬಾಗಿಲ ಹಿಂದೆ ನಿಂತು ಕೇಳಿದಳು. ಹೀಗೇ ಒಂದು ಮಾತಿಗೆ ತನ್ನ ಶಾಲೆಯೂ ನಿಂತದ್ದು ನೆನಪಾಯಿತು. ಅಂದು ಬಾಯಿ ತೆರೆಯಲಿಲ್ಲ. ಇಂದೂ ತೆರೆಯಲಿಲ್ಲ.

ಬಾಯಿ ತೆರೆದದ್ದು ಮಜ್ಜಿಗೆಗೆ ಬಂದಿದ್ದ ನೆರೆಮನೆಯ ಜೈನಬಮ್ಮ.

"ಸಂಕಪ್ಪಣ್ಣ, ನಮ್ಮ ಮನೆಯವರು ದುಬೈಯಲ್ಲಿ ಬಸ್ಸು ಬಿಡುದು. ಬಸ್ಸನ್ನು ನಮ್ಮ ಜಗಲಿಗೆ ಕಟ್ಟಿಹಾಕಿ ಕಲಿತದ್ದಾ?"

ದಮಯಂತಿ ನಕ್ಕೇಬಿಟ್ಟಳು. ಸಂಕಪ್ಪ ನಗಲಿಲ್ಲ. ಆದರೆ ಜಗಲಿಯಲ್ಲಿ ಕೂತ.

"ಅದು ಬೇರೆ, ಜೈನಬಮ್ಮ."

"ಬೇರೆ ಎಂತದು? ಮಗುವಿನ ಬಾಯಿಂದ ಒಮ್ಮೆ ಕೇಳಿ ಮಾರಾಯ್ರೆ!"

ದಮಯಂತಿ ಹೇಳಿದಳು: "ಅಪ್ಪ, ಕಂಪ್ಯೂಟರಿಗೆ ಬುದ್ಧಿ ಇಲ್ಲ. ನಾವು ಸಾಲು ಸಾಲಾಗಿ ಬರೆದು ಕೊಟ್ಟದ್ದನ್ನು ಹಾಗೆಯೇ ಮಾಡ್ತದೆ. ಬರೆಯಲಿಕ್ಕೆ ಕಾಗದ ಸಾಕು. ಕಾಲೇಜಿನಲ್ಲಿರುದು ಎರಡೇ ಕಂಪ್ಯೂಟರ್, ವಾರಕ್ಕೊಮ್ಮೆ ಸರದಿ, ನನ್ನದು ಸೋಮವಾರ. ತಪ್ಪು ಬರೆದುಕೊಂಡು ಹೋದರೆ ಸರದಿ ಹಾಳು. ಅದಕ್ಕೇ ಮೊದಲು ಮಣೆಯಲ್ಲಿ ಮಾಡಿ ನೋಡುದು. ಒಂದೊಂದು ಗುಳಿಯಲ್ಲಿ ಒಂದೊಂದು ಲೆಕ್ಕ. ಈಗ ನೀವೇ ಕಂಪ್ಯೂಟರ್. ನಾನು ಓದಿದಷ್ಟೇ ಮಾಡಬೇಕು."

"ನಾನಾ?"

"ಬುದ್ಧಿ ಬೇಡ ಅಂತ ಹೇಳಿದಳಲ್ಲ, ಧೈರ್ಯವಾಗಿ ಕೂತುಕೊಳ್ಳಿ," ಎಂದಳು ಜೈನಬಮ್ಮ.

ದಮಯಂತಿ ಕಾಗದ ನೋಡಿ ಓದಿದಳು: "ಎಡದ ಗುಳಿ ಖಾಲಿಯಾಗುವವರೆಗೆ ಬಲದ ಗುಳಿಗೆ ಒಂದೊಂದೇ ಕಾಯಿ ಹಾಕಿ."

ಸಂಕಪ್ಪ ಮಣೆಯ ಬದಿಯಲ್ಲಿದ್ದ ರಾಶಿಯಿಂದ ಕಾಯಿ ಹೆಕ್ಕಿ ಹಾಕಿದ. ಹಾಕಿದ. ಬಲದ ಗುಳಿ ತುಂಬಿ ಕಾಯಿ ನೆಲಕ್ಕೆ ಉರುಳಿತು.

"ಇದು ಮುಗಿಯುದು ಯಾವಾಗ ಮಗಾ? ಎಡದ್ದರಿಂದ ತೆಗೆಯಲಿಕ್ಕೆ ನೀನು ಹೇಳಲೇ ಇಲ್ಲವಲ್ಲ!"

ದಮಯಂತಿ ಕಾಗದ ನೋಡಿದಳು. ಒಂದು ಸಾಲು ಬಿಟ್ಟುಹೋಗಿತ್ತು. "ನೋಡಿ ಅಪ್ಪ, ಇದೇ ತಪ್ಪು ಪುತ್ತೂರಿನಲ್ಲಿ ಆಗಿದ್ದರೆ ಕಂಪ್ಯೂಟರ್ ಹೀಗೇ ಮುಗಿಯದೆ ಒಂದೇ ಸಾಲಿನಲ್ಲಿ ಸುತ್ತುತ್ತಾ ಇರ್ತಿತ್ತು."

ಸಂಕಪ್ಪ ಬಿದ್ದ ಕಾಯಿಗಳನ್ನು ಹೆಕ್ಕತೊಡಗಿದ. ಸಿಟ್ಟು ಎಲ್ಲಿಗೋ ಹೋಗಿತ್ತು. "ಹಾಗಾದರೆ ಸರದಿ ದಿನ ಚೆನ್ನಾಗಿ ಮಾಡಿ ಬರ್ತಿ ನೀನು."

ದಮಯಂತಿಯ ಮುಖ ಸಣ್ಣದಾಯಿತು. "ಸರದಿ ಅಂತ ಬರೆದು ಹಾಕಿದ್ದಾರೆ, ಅಷ್ಟೆ. ಹುಡುಗರು ಕುರ್ಚಿಯಿಂದ ಏಳುದಿಲ್ಲ. ನಾವು ಹುಡುಗಿಯರು ಹಿಂದೆ ನಿಂತು ನೋಡುದು."

ಹಿಂದೆ ನಿಂತು! ದೇವಕಿಗೆ ಮೈಯೆಲ್ಲ ಉರಿಯಿತು. ಎಲ್ಲರ ಊಟವಾದ ಮೇಲೆ ಉಣ್ಣುವುದು, ಬಾಗಿಲ ಹಿಂದೆ ನಿಂತು ಕೇಳುವುದು, ಇಷ್ಟೆಲ್ಲ ತಾನು ಸಹಿಸಿದ್ದು ಮಗಳು ಪುತ್ತೂರಿಗೆ ಹೋಗಿಯೂ ಹಿಂದೆಯೇ ನಿಲ್ಲಲಿಕ್ಕಾ? ಅವಳು ಬಾಗಿಲು ದಾಟಿ ಜಗಲಿಗೆ ಬಂದಳು.

"ನಾಳೆ ಕಾಲೇಜಿಗೆ ನಾನೂ ಬರ್ತೇನೆ."

ಸಂಕಪ್ಪ ಹೆಂಡತಿಯ ಮುಖ ನೋಡಿದ. ಬೇಡ ಎನ್ನಲಿಲ್ಲ.

ಮರುದಿನ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಕಳಚಿಟ್ಟು ದೇವಕಿ ಒಳಗೆ ಹೋದಳು. ಜೊತೆಗೆ ಕೊಡೆ ಹಿಡಿದ ಜೈನಬಮ್ಮ. ಮಗಳು ಹೇಳಿದಂತೆಯೇ ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು.

ದೇವಕಿ ಮಗಳ ಸರದಿಯ ಮಾತೆತ್ತಿದಾಗ ಮೇಷ್ಟ್ರು ಸಮಾಧಾನದಲ್ಲೇ ಹೇಳಿದರು: "ನೋಡಿಯಮ್ಮ, ಈ ಹುಡುಗರು ಮುಂದೆ ಇದೇ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಕಂಪ್ಯೂಟರೇ ಇಲ್ಲದ ಹುಡುಗಿಗೆ ಇಷ್ಟು ಅವಸರ ಎಂತಕ್ಕೆ?"

"ಮನೆಯಲ್ಲಿ ಇಲ್ಲ ಅಂತಲೇ ಸರ್, ಇಲ್ಲಿಗೆ ಕಳಿಸಿದ್ದು," ಎಂದಳು ದೇವಕಿ. "ಇವತ್ತು ಅವಳ ಸರದಿ. ಅವಳು ಕೂರುವವರೆಗೆ ನಾನು ಇಲ್ಲೇ ನಿಲ್ತೇನೆ."

"ನಾನೂ," ಎಂದಳು ಜೈನಬಮ್ಮ, ಕೊಡೆ ಊರಿ.

ಮೇಷ್ಟ್ರು ಗೋಡೆಯ ಮೇಲಿನ ಸರದಿ ಪಟ್ಟಿಯತ್ತ ನೋಡಿದರು. ಆಮೇಲೆ ಕುರ್ಚಿಯಲ್ಲಿದ್ದ ಹುಡುಗನಿಗೆ, "ಏಳಪ್ಪ," ಎಂದರು.

ದಮಯಂತಿ ಕೂತಳು. ಮಣೆಯ ಮೇಲೆ ತಿದ್ದಿದ ಸಾಲುಗಳನ್ನು ಒಂದೊಂದಾಗಿ ಒತ್ತಿದಳು. ಕಂಪ್ಯೂಟರ್ ಸುತ್ತಲಿಲ್ಲ, ಸರಿಯಾದ ಉತ್ತರ ಕೊಟ್ಟು ನಿಂತಿತು. ಆ ಸಂಜೆ ಸಂಕಪ್ಪ ಚೆನ್ನೆಮಣೆಯನ್ನು ತಾನೇ ಒರೆಸಿ, ಅಟ್ಟಕ್ಕೆ ಹಾಕದೆ ಮಗಳ ಪುಸ್ತಕಗಳ ಬದಿಗೆ ಇಟ್ಟ.

ಅಕ್ಕಂದಿರೇ, ಕಂಪ್ಯೂಟರ್ ಕಲಿಯಲು ಅದು ನಿಮ್ಮ ಮನೆಯಲ್ಲಿ ಇರಬೇಕಾಗಿಲ್ಲ. ಕಾಗದ ಬೇಕು, ಅಭ್ಯಾಸ ಬೇಕು, ಕಾಲೇಜಿನಲ್ಲಿ ತನ್ನ ಸರದಿ ಬೇಕು. ಇಂದು ಮಗಳು ಬಸ್ಸಿಳಿದು ಬಂದಾಗ ಒಂದೇ ಮಾತು ಕೇಳಿ: "ಕೂತೆಯಾ, ನಿಂತೆಯಾ?" ನಿಂತೆ ಎಂದರೆ, ನಾಳೆಯ ಬಸ್ಸಿಗೆ ನೀವೂ ಹತ್ತಿ.