ಸಡಿಲ ಬಿಡಬೇಕಿದ್ದ ಎಳೆ

"ಇದನ್ನೂ ಅಂಟಿಸಿಬಿಡೋದಾ ಸರ್, ಸೇತುವೇಲಿ ಮಾಡಿದ ಹಾಗೆ?"

ಲೇಸರಿನ ಗುಂಡಿಯ ಮೇಲಿದ್ದ ಬೆರಳನ್ನು ಅವನು ನಿಧಾನವಾಗಿ ತೆಗೆದ. ಅಂಟು ಹಚ್ಚುವ ಹೆಂಗಸು ಕೊಳವೆಯೊಳಗಿನ ಎಳೆಯನ್ನು ತೋರಿಸುತ್ತ ನಿಂತಿದ್ದಳು.

ಕೂದಲಿನಷ್ಟು ತೆಳ್ಳಗಿನ ಗಾಜಿನೆಳೆಯೊಳಗೆ ಲೇಸರಿನಿಂದ ಸೂಕ್ಷ್ಮ ಗೆರೆಗಳನ್ನು ಬರೆಯುವುದು ಅವನ ಕಸುಬು. ಗೆರೆಗಳು ಒಂದೇ ಬಣ್ಣದ ಬೆಳಕನ್ನು ಹಿಂದಕ್ಕಟ್ಟುತ್ತವೆ. ಎಳೆ ಜಗ್ಗಿದರೆ ಆ ಬಣ್ಣ ಸರಿಯುತ್ತದೆ. ಬಿಸಿಲಿಗೂ ಸರಿಯುತ್ತದೆ. ಆದ್ದರಿಂದ ಸೇತುವೆಯ ತೊಲೆಗೆ ಒಂದನ್ನು ಅಂಟಿಸಿ, ಪಕ್ಕದಲ್ಲಿ ಇನ್ನೊಂದನ್ನು ಕೊಳವೆಯೊಳಗೆ ಸಡಿಲ ಬಿಡಬೇಕು. ಸಡಿಲದ್ದು ಹೇಳುವುದು ಬಿಸಿಲನ್ನು ಮಾತ್ರ. ಅಂಟಿಸಿದ್ದರ ಅಂಕಿಯಿಂದ ಅದನ್ನು ಕಳೆದರೆ ಉಳಿಯುವುದು ತೊಲೆಯ ನೋವು. ಎರಡನ್ನೂ ಅಂಟಿಸಿದರೆ ಎರಡೂ ಒಟ್ಟಿಗೆ ನರಳುತ್ತವೆ. ಕಳೆದರೆ ಸೊನ್ನೆ.

ಎಂಟು ತಿಂಗಳಿಂದ ಸೇತುವೆಯಿಂದ ಸೊನ್ನೆಯೇ ಬರುತ್ತಿತ್ತು, ಎಂದರೆ ತೊಲೆಗೆ ನೋವೇ ಇಲ್ಲ. ಅಷ್ಟು ಚೆಂದದ ಸೊನ್ನೆಗಾಗಿ ಸಂಸ್ಥೆ ಅವನಿಗೊಂದು ಪ್ರಶಸ್ತಿ ಫಲಕ ಕೊಟ್ಟಿತ್ತು. ಸೇತುವೆಗಿಂತ ಗಟ್ಟಿಯಾದ ಫಲಕ.

"ಎರಡನ್ನೂ ಯಾಕೆ ಅಂಟಿಸಿದ್ರಿ?"

"ಕೇಳಿದ್ನಲ್ಲ ಸರ್. ನೀವು ಫೋನಲ್ಲಿದ್ರಿ. ತಲೆ ಆಡಿಸಿದ್ರಿ."

ನೆನಪಾಯಿತು. ತನ್ನ ಪ್ರಬಂಧದಲ್ಲಿ ಕೆಲಸಗಾರರ ಅಜಾಗರೂಕತೆಯ ಬಗ್ಗೆ ಇದ್ದ ಅಧ್ಯಾಯವನ್ನು ಆವತ್ತು ಯಾರಿಗೋ ವಿವರಿಸುತ್ತಿದ್ದ.

ಕಳೆಯುವ ಮುಂಚಿನ ಅಂಕಿಗಳನ್ನು ತೆರೆದು ನೋಡಿದ. ತಂಪು ಬೆಳಗುಗಳಲ್ಲೂ ನಡುತೊಲೆಯ ಅಂಕಿ ತಿಂಗಳಿಂದ ತಿಂಗಳಿಗೆ ಮೇಲೇರಿತ್ತು. ಬಿಸಿಲಿನ ಕೆಲಸವಲ್ಲ, ತೊಲೆಯೇ ಜಗ್ಗುತ್ತಿತ್ತು.

ಸಂಸ್ಥೆಯ ನಿರ್ದೇಶಕರು ಇದನ್ನು ಸಮಾಧಾನವಾಗಿ ಕೇಳಿಸಿಕೊಂಡರು. ಅಷ್ಟು ಸಮಾಧಾನ ಅವರಿಗೆ ಬರುವುದು ಬೇರೆಯವರ ತಲೆಯ ಮೇಲೆ ಕಲ್ಲು ಬೀಳುವಾಗ ಮಾತ್ರ. ಸೇತುವೆಯ ಮೇಲೆ ಭಾರದ ಲಾರಿ ಬಿಡಲು ನಾಳೆಯೊಳಗೆ ಪ್ರಮಾಣಪತ್ರ ಹೋಗಬೇಕು, ಮೇಲಿನವರು ಆಗಲೇ ಎರಡು ಸಲ ಕೇಳಿದ್ದಾರೆ ಎಂದರು.

"ಸೊನ್ನೆ ಬಂದಿದೆ ಅಂತ ಬರೆದ್ರೆ ಸುಳ್ಳಾಗುತ್ತೇನಪ್ಪಾ? ಬಂದಿದೆ ತಾನೇ?"

ಮುಂದೇನಾದರೂ ಆದರೆ ಅಂಟು ಹಚ್ಚಿದವಳು ಇದ್ದಾಳಲ್ಲ ಎಂದೂ ಸೇರಿಸಿದರು. ಆ ಮಾತಿಗೆ ತನ್ನ ಎದೆ ಹಗುರಾದದ್ದು ಅವನಿಗೆ ಗೊತ್ತಾಯಿತು. ಯೋಚಿಸುತ್ತೇನೆ ಎಂದ. ಓದಿದವರು ಹೆದರಿಕೆಗೆ ಇಟ್ಟುಕೊಂಡ ಹೆಸರು ಅದು.

ಸಹಿಯಿಲ್ಲದ ಕಾಗದವನ್ನು ಚೀಲಕ್ಕೆ ತುರುಕಿ, ಬೆಳಿಗ್ಗೆಯವರೆಗೆ ಪ್ರಾಮಾಣಿಕನಾಗಿರುವ ಅವಕಾಶ ಸಂಪಾದಿಸಿಕೊಂಡು, ಸಂಜೆಯ ಬಸ್ಸು ಹತ್ತಿದ. ಕಾಲಿಡಲು ಜಾಗವಿರಲಿಲ್ಲ. ಅಂಟು ಹಚ್ಚುವವಳೂ ಅದರಲ್ಲೇ ಇದ್ದಳು.

"ಮಗಳ ಶಾಲೆ ಆ ಕಡೆ ಸರ್. ದಿನಾ ಈ ಸೇತುವೆ ಮೇಲೇನೇ ಓಡಾಟ. ಗಟ್ಟಿಯಾಗಿದೆ ತಾನೇ?"

ಒಳ್ಳೆಯ ಪ್ರಶ್ನೆ. ಫಲಕ ಕೊಟ್ಟವರು ಯಾರೂ ಇದನ್ನು ಕೇಳಿರಲಿಲ್ಲ.

"ಇವತ್ತು ಜನ ಜಾಸ್ತಿ," ಎಂದ.

"ಹೌದು ಸರ್," ಎಂದಳು ಅವಳು. ತಾನು ಕೇಳಿದ್ದು ಅದನ್ನಲ್ಲ ಎನ್ನುವ ಹಾಗೆ ಅವನನ್ನೇ ನೋಡುತ್ತಿದ್ದಳು.

ಸೇತುವೆಯ ನಟ್ಟನಡುವೆ ಬಸ್ಸು ನಿಂತಿತು. ಮುಂದೆ ವಾಹನಗಳ ಸಾಲು. ಒಂದು ಚಕ್ರ ಯಾವುದೋ ತಗ್ಗಿಗೆ ಇಳಿದು ಬಸ್ಸು ನದಿಯ ಕಡೆಗೆ ಓರೆಯಾಗಿತ್ತು. ಎಲ್ಲೋ ಕೆಳಗಿನಿಂದ ಸಣ್ಣ ನಡುಕ ಅಂಗಾಲಿಗೆ ಹತ್ತಿ ಬರುತ್ತಿತ್ತು, ಎಂಜಿನ್ನಿನದಿರಬೇಕು ಎಂದುಕೊಂಡ. ಹಾಗೆಂದುಕೊಳ್ಳಲು ಅವನಿಗೆ ಡಾಕ್ಟರೇಟ್ ಇತ್ತು.

ತಲೆಯೆತ್ತಿ ಜನರನ್ನು ನೋಡಿದ. ಕಂಡಕ್ಟರು, ತೂಕಡಿಸುವ ಮುದುಕ, ಅವಳು, ಕಿಟಕಿಯ ಗಾಜಿನಲ್ಲಿ ತಾನು. ಎಲ್ಲರೂ ನೀರಿನ ಕಡೆಗೆ ಒಂದೇ ಸಮನೆ ವಾಲಿದ್ದರು. ಆದ್ದರಿಂದ ಯಾರೂ ವಾಲಿದಂತೆ ಕಾಣುತ್ತಿರಲಿಲ್ಲ.