ಚೌಕದ ತೂತು

ಕುಬತ್ ಕುದುರೆ ಇಳಿದು ಮಗಳ ಗುಡಾರದೊಳಗೆ ಕಾಲಿಡುವ ಹೊತ್ತಿಗೆ ಪಡುವಣ ಆಕಾಶ ಕಪ್ಪಿಟ್ಟಿತ್ತು. ಒಳಗೆ ಮಗಳೂ ಇಲ್ಲ, ಮೊಮ್ಮಗನೂ ಇಲ್ಲ. ಬೀಗಿತ್ತಿ ಬುರುಲ್ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು.

“ಜೀಬೆಕ್ ಎಲ್ಲಿ?”

“ಗುಡ್ಡದಾಚೆ ನುರಿಯಾ ಮನೇಲಿ ಇವತ್ತು ಮಗೂನ ತೊಟ್ಟಿಲಿಗೆ ಹಾಕ್ತಾರಲ್ಲ, ನಮ್ಮ ಕೂಸನ್ನೂ ಎತ್ಕೊಂಡು ಹೋಗಿದಾಳೆ. ಕೂತ್ಕೊಳ್ಳಿ ಬೀಗರೇ, ಕುಮಿಸ್ ಕುಡೀರಿ.” ಹುಳಿಬಂದ ಕುದುರೆಹಾಲಿನ ಬಟ್ಟಲನ್ನು ಮುಂದಿಟ್ಟಳು.

ಗಾಳಿ ಬಡಿಯಿತು. ಕಂಬಳಿ ಹೊದಿಕೆ ಉಬ್ಬಿ ಇಳಿಯಿತು. ಕುಬತ್ ತಲೆಯೆತ್ತಿ ನೋಡಿದ. ನೆತ್ತಿಯ ಮರದ ಬಳೆ ಅಲುಗಲಿಲ್ಲ. ಗೋಡೆಯಿಂದ ಬಾಗಿ ಮೇಲೇರಿದ ಕೋಲುಗಳು ಬಳೆಯ ತೂತುಗಳಲ್ಲಿ ಗಟ್ಟಿಯಾಗಿ ಕೂತಿದ್ದವು.

“ನುರಿಯಾ ಮನೇಲಾ?” ಅನ್ನುತ್ತಾ ಬಾಗಿಲ ಕಡೆ ತಿರುಗಿದ.

“ಅಯ್ಯೋ, ಭಯ ಯಾಕೆ? ಆ ಗುಡಾರಾನೂ ನೀವು ಕಟ್ಟಿದ್ದೇ ಅಲ್ವಾ!”

ಅವನ ಭಯವೂ ಅದೇ. ಮಗಳ ಗುಡಾರಕ್ಕೆ ಒಂದೊಂದು ತೂತನ್ನೂ ಉಳಿಯಿಂದ ಚೌಕವಾಗಿ ಕೊರೆದಿದ್ದ, ಕೋಲಿನ ತುದಿಗಳನ್ನೂ ಚೌಕವಾಗಿ ಹೆರೆದಿದ್ದ. ಬಾಗಿದ ಕೋಲು ಚೌಕದ ತೂತಿನಲ್ಲಿ ತಿರುಗಲಾರದು. ನುರಿಯಾಳ ಗುಡಾರಕ್ಕೆ ಅಷ್ಟು ಕೆಲಸ ಮಾಡಲು ಬೇಸರವಾಗಿತ್ತು. ಡ್ರಿಲ್ ಹಿಡಿದು ದುಂಡಗೆ ಕೊರೆದು ಮುಗಿಸಿದ್ದ. ಹೊದಿಕೆಯ ಅಡಿಯಲ್ಲಿ ಯಾರು ನೋಡುತ್ತಾರೆ ಎಂದುಕೊಂಡಿದ್ದ. ಯಾರೂ ನೋಡಲಿಲ್ಲ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಕುಮಿಸ್ ಬಟ್ಟಲನ್ನು ಹಾಗೇ ಬಿಟ್ಟು ಕುದುರೆ ಹತ್ತಿದ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ತಾನು, ಉಣ್ಣುವುದು ಆ ಹಸುಗೂಸುಗಳು. ಗುಡ್ಡ ಹತ್ತುವಾಗ ಆಲಿಕಲ್ಲು ಮುಖಕ್ಕೆ ರಾಚಿತು. ಕುದುರೆ ಮುಗ್ಗರಿಸಿತು. ಜೀವ ಕೈಯಲ್ಲಿ ಹಿಡಿದು ಆಚೆ ಇಣುಕಿದ: ನುರಿಯಾಳ ಬಿಳಿಯ ಗುಡಾರ ಇನ್ನೂ ನಿಂತಿತ್ತು. ಆದರೆ ನೆತ್ತಿ ಒಂದು ಪಕ್ಕಕ್ಕೆ ವಾಲಿತ್ತು.

ಬಾಗಿಲು ತಳ್ಳಿದ. ಗುಡಾರ ಗಾಳಿಗೆ ಏಳದಂತೆ ಗಂಡಸರೆಲ್ಲ ನೆತ್ತಿಯಿಂದ ಇಳಿಬಿದ್ದ ಗಾಳಿಹಗ್ಗಕ್ಕೆ ಜೋತುಬಿದ್ದಿದ್ದರು. ಹೆಂಗಸರು ಗೋಡೆಗೆ ಆತು ಕೂತಿದ್ದರು. ನಡುವೆ, ಬಳೆಯ ನೇರ ಕೆಳಗೆ, ಒಂದೇ ತೊಟ್ಟಿಲಲ್ಲಿ ಎರಡು ಮಕ್ಕಳು.

“ನೋಡ್ರೀ, ನಮ್ಮಪ್ಪಾನೇ ಬಂದ!” ಜೀಬೆಕ್ ಹಿಗ್ಗಿದಳು. “ಓಡೋಗೋಣ ಅಂತಿದ್ರು ಇವರೆಲ್ಲ. ನಾನೇ ಬೈದು ಕೂರಿಸಿದೀನಿ. ಇದು ನಮ್ಮಪ್ಪನ ಕೈಕೆಲಸ, ಬೀಳಲ್ಲ ಅಂತ!”

ಕುಬತ್ ತಲೆಯೆತ್ತಿದ. ಅವಳ ತಲೆಯ ಮೇಲೆ ಒಂದು ಕೋಲು ನಿಧಾನವಾಗಿ ಹೊರಳಿತು. ಪಕ್ಕದ್ದೂ ಹೊರಳಿತು. ಮೇಲಿರಬೇಕಾದ ಬಾಗು ಅಡ್ಡಕ್ಕೆ ಬಂತು.

“ಹೊರಗೆ! ಮಕ್ಕಳನ್ನ ಎತ್ಕೊಳ್ಳಿ!”

“ಈ ಆಲಿಕಲ್ಲಲ್ಲಾ? ನಿನಗೇನು ತಲೆ ಕೆಟ್ಟಿದ್ಯಾ ಅಪ್ಪಾ?”

“ದುಂಡಗೆ ಕೊರೆದಿದೀನಿ ಕಣೇ! ಡ್ರಿಲ್ಲಲ್ಲಿ! ಹಿಡಿಯಲ್ಲ ಅದು!”

ಅರೆಗಳಿಗೆ ಅವಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ನುರಿಯಾ ಒಂದು ತುದಿ, ಇವಳು ಒಂದು ತುದಿ ಹಿಡಿದು ತೊಟ್ಟಿಲನ್ನೇ ಎತ್ತಿಕೊಂಡು ಓಡಿದರು. ಹೆಂಗಸರೂ ಹೊರಬಿದ್ದರು. ಕೊನೆಗೆ ಗಂಡಸರು ಹಗ್ಗ ಬಿಟ್ಟು ಹೊರಗೆ ಹಾರಿದ ಬೆನ್ನಿಗೇ ಬಳೆ ಕೆಳಗೆ ಬಿತ್ತು. ತೊಟ್ಟಿಲಿದ್ದ ಜಾಗದಲ್ಲೇ ಅಂಚು ಮಣ್ಣಿಗೆ ನಾಟಿಕೊಂಡಿತು.

ಎಲ್ಲರೂ ಹೊರಗೆ ನಿಂತಿದ್ದ ಲಾರಿಯ ಮರೆಗೆ ಮುದುಡಿಕೊಂಡರು. ಮಕ್ಕಳು ಅಳುತ್ತಿದ್ದವು, ಅಳುವಷ್ಟು ಚೆನ್ನಾಗಿದ್ದವು. ಕುಬತ್ ಮೊಮ್ಮಗನಿಗಾಗಿ ಕೈ ಚಾಚಿದ.

ಜೀಬೆಕ್ ಮಗುವನ್ನು ಕೊಡಲಿಲ್ಲ. “ಅಪ್ಪಾ,” ಅಂದಳು, “ನಮ್ಮನೇದು ಹೇಗೆ ಕೊರೆದಿದೀಯಾ?”

ನುರಿಯಾ ತನ್ನ ಕೂಸನ್ನು ಎದೆಗೊತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳೂ ಅವನ ಉತ್ತರಕ್ಕೆ ಕಾಯುತ್ತಿದ್ದಳು.

“ಉಳಿ ಹಿಡಿದು,” ಅಂದ ಕುಬತ್. “ಚೌಕವಾಗಿ.”